ಮಾರಾಟಕ್ಕಿಲ್ಲದ ಕೋಟು

ನಮ್ಮಿಬ್ಬರಲ್ಲಿ ಬೆಲೆ ಕಟ್ಟುವುದು ಅಕ್ಕನ ಕೆಲಸ, ಟ್ಯಾಬ್ ಒತ್ತುವುದು ನನ್ನ ಕೆಲಸ. ಅಕ್ಕ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲುಗಳ ಸಂದಿಗೆ ಬೆರಳು ಹಾಕಿ ನೋಡಿ, ಇಷ್ಟು ಎಂದರೆ ಇಷ್ಟೇ. ನಾನು ಅದನ್ನು ಬಿಳಿ ಚಾದರದ ಮುಂದಿಟ್ಟು ಎಲ್ಲ ಕಡೆಯಿಂದಲೂ ಫೋಟೊ ತೆಗೆದು, 'ಎಡಗಾಲಿನಲ್ಲಿ ಸಣ್ಣ ಬಿರುಕಿದೆ, ಕೂರಲು ತೊಂದರೆಯಿಲ್ಲ' ಎಂದು ಇದ್ದದ್ದು ಇದ್ದ ಹಾಗೆ ಬರೆದು ಟ್ಯಾಬ್‌ಗೆ ಏರಿಸುತ್ತೇನೆ. ಯಾರದೋ ಮನೆ ಖಾಲಿಯಾಗುವಾಗ ಸಾಮಾನು ಕೊಳ್ಳುವುದು, ತೊಳೆದು ಒರೆಸಿ ಇನ್ನೊಬ್ಬರಿಗೆ ಮಾರುವುದು, ಇದೇ ನಮ್ಮ ಬದುಕು. ವಾರದ ಕೊನೆಗೆ ಮಾರ್ಕೆಟ್, ನಡುವೆ ಎಲ್ಲಾದರೂ ಅಂಗಡಿ ಖಾಲಿ ಬಿದ್ದಿದ್ದರೆ ಎರಡು ದಿನದ ಮಟ್ಟಿಗೆ ಬಾಡಿಗೆ ಹಿಡಿದು ತಾತ್ಕಾಲಿಕ ಅಂಗಡಿ. ಟ್ಯಾಬ್ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲೇ ನಮ್ಮ ಅಂಗಡಿ.

ಮಾರ್ಕೆಟ್ ನಡೆಯುವುದು ಹಳೇ ಬಸ್ ಡಿಪೋದಲ್ಲಿ. ತಗಡಿನ ಛಾವಣಿ, ದಪ್ಪ ಗೋಡೆ, ನೆಲದಲ್ಲಿ ಇನ್ನೂ ಹೋಗದ ಎಣ್ಣೆ ಕಲೆ. ಬಾಡಿಗೆ ಕಡಿಮೆ ಎಂದು ಹಲ್ಲು ಕಿರಿದು ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಒಳಗೆ ಸಿಗ್ನಲ್ ಹೆಸರಿಗೂ ಇಲ್ಲ. ಒಳಗಿದ್ದಷ್ಟು ಹೊತ್ತು ನಮ್ಮ ಟ್ಯಾಬ್ ಕಿವುಡು. ಮಾರಿದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ, ಹೊರಗೆ ಹೋದಾಗ ಒಮ್ಮೆಲೇ ಬಾಯಿಬಿಡುತ್ತದೆ. ಆನ್‌ಲೈನಿನಲ್ಲಿ ಬಂದ ಆರ್ಡರುಗಳೂ ಆಗಲೇ ಅದರ ಕಿವಿಗೆ ಬೀಳುವುದು. ಹಾಗಾಗಿ ಆಗಾಗ ನಮ್ಮಲ್ಲೊಬ್ಬರು ಅದನ್ನು ಎತ್ತಿಕೊಂಡು ಗೇಟಿನ ತನಕ ಹೋಗಿ ಬರಬೇಕು. ಅಕ್ಕ ಇದನ್ನು 'ಗಾಳಿ ಹಾಕಿಸೋದು' ಎನ್ನುತ್ತಿದ್ದಳು. ಪಕ್ಕದ ಸ್ಟಾಲಿನಲ್ಲಿ ಹಳೇ ಗಡಿಯಾರ ಮಾರುವ ಯಜಮಾನರು ನಾನು ಟ್ಯಾಬ್ ಅಪ್ಪಿಕೊಂಡು ಹೊರಟರೆ ಸಾಕು, "ಕೂಸಿಗೆ ಗಾಳಿ ಬೇಕಂತಾ?" ಎಂದು ಕಾಲೆಳೆಯುತ್ತಿದ್ದರು. ಅವರಿಗೆ ಆ ಜೋಕು ಎಂದೂ ಹಳಸಲಿಲ್ಲ.

ಒಮ್ಮೆ ಒಂದೇ ಹೂದಾನಿಯನ್ನು ಇಲ್ಲೊಬ್ಬರು, ಆನ್‌ಲೈನಿನಲ್ಲೊಬ್ಬರು ಕೊಂಡು ದೊಡ್ಡ ರಂಪವಾಯಿತು. ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಟ್ಯಾಬ್‌ಗೆ ಒಂದು ನಿಯಮ ಹಾಕಿದೆವು. ಸ್ಟಾಲಿನಲ್ಲಿ ಕೈಗೆ ಕೊಟ್ಟದ್ದೇ ನಿಜವಾದ ಮಾರಾಟ. ಅದಕ್ಕೂ ಮೊದಲೇ ಆನ್‌ಲೈನಿನಲ್ಲಿ ಆರ್ಡರ್ ಬಂದಿದ್ದರೂ ಟ್ಯಾಬ್ ತಾನಾಗಿಯೇ ಅದನ್ನು ರದ್ದು ಮಾಡಿ, ಹಣ ವಾಪಸ್ ಕಳಿಸಿ, ಕ್ಷಮೆ ಕೇಳಿಬಿಡುತ್ತದೆ. ಸಾಮಾನು ಕಂಕುಳಲ್ಲಿಟ್ಟುಕೊಂಡು ಹೋದವರನ್ನು ಎಲ್ಲಿ ಅಂತ ಹುಡುಕುವುದು? ಆನ್‌ಲೈನಿನವರಿಗೆ ಒಂದು ಕ್ಷಮೆ ಬಿಸಾಕಿದರೆ ಸಾಕು. ಆಗ ನಮಗೆ ಅದು ಬಹಳ ಬುದ್ಧಿವಂತಿಕೆಯ ಏರ್ಪಾಡು ಅನ್ನಿಸಿತ್ತು.

ನಮ್ಮ ಸ್ಟಾಲಿನಲ್ಲಿ ಮಾರಾಟಕ್ಕಿಲ್ಲದ ವಸ್ತು ಒಂದೇ ಇತ್ತು. ಹಸಿರು ಬಣ್ಣದ ಉದ್ದನೆಯ ಕೋಟು. ಅಕ್ಕನ ಮಗಳದ್ದು.

ಅವಳನ್ನು ನಾವು ಕಡ್ಡಿ ಎಂದೇ ಕರೆಯುತ್ತಿದ್ದೆವು. ಹುಟ್ಟಿದಾಗಿನಿಂದ ಸಣಕಲು, ಎಷ್ಟು ತಿನ್ನಿಸಿದರೂ ಮೈಗೆ ಹತ್ತುತ್ತಿರಲಿಲ್ಲ. ಭಾವ ತೀರಿಕೊಂಡ ಮೇಲೆ ನಾನು ಗಂಟುಮೂಟೆ ಕಟ್ಟಿಕೊಂಡು ಅಕ್ಕನ ಮನೆ ಸೇರಿದಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಮನೆಯೋ ನಮ್ಮ ವ್ಯಾಪಾರದ ಗೋದಾಮು. ಇವತ್ತು ಊಟ ಮಾಡಿದ ಮೇಜು ನಾಳೆ ಇರುತ್ತಿರಲಿಲ್ಲ. ಇವತ್ತು ಮುಖ ನೋಡಿಕೊಂಡ ಕನ್ನಡಿ ಸಂಜೆಯ ಹೊತ್ತಿಗೆ ಯಾರದೋ ಗಾಡಿಯಲ್ಲಿರುತ್ತಿತ್ತು. ಕಡ್ಡಿ ಅದಕ್ಕೆಲ್ಲ ಗೊಣಗಿದವಳಲ್ಲ. ಅವಳಿಗೆ ಬೇಕಾಗಿದ್ದದ್ದು ಕಿಟಕಿಯ ಬಳಿ ಇಟ್ಟುಕೊಂಡಿದ್ದ ಇಳಿಜಾರು ಮೇಜು ಮಾತ್ರ. ಅದರ ಮೇಲೆ ಬಾಗಿ ಚಿತ್ರ ಬರೆಯುತ್ತಿದ್ದಳು, ಬರೆದದ್ದನ್ನು ಅದರ ಡ್ರಾಯರಿನೊಳಗೆ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಕಪಾಟು ನೋಡಲು ಬಂದವನೊಬ್ಬ ಆ ಮೇಜನ್ನು ನೋಡಿದ. ಅಕ್ಕನಿಗೆ ಗಿರಾಕಿಯ ಕಣ್ಣು ಎಲ್ಲಿ ನಿಂತಿದೆ ಎನ್ನುವುದು ಬೆನ್ನಿನಿಂದಲೂ ಗೊತ್ತಾಗುತ್ತದೆ. ಅವನು ಕೇಳಿದ, ಅಕ್ಕ ಹೇಳಿದಳು, ಅವನು ಹೊತ್ತುಕೊಂಡು ಹೋದ. ಬೇರೆಯವರ ಮನೆಯ ಡ್ರಾಯರುಗಳನ್ನೆಲ್ಲ ಮೂಲೆ ಮೂಲೆ ತಡಕಿ ನೋಡುವ ನಮ್ಮಕ್ಕ ಅವತ್ತು ತನ್ನ ಮನೆಯ ಒಂದು ಡ್ರಾಯರನ್ನು ಎಳೆದು ನೋಡಲಿಲ್ಲ. ಚಿತ್ರಗಳೂ ಮೇಜಿನ ಜೊತೆಗೇ ಹೋದವು. ಕೊಂಡವನ ವಿಳಾಸ ಯಾರಿಗೂ ಗೊತ್ತಿರಲಿಲ್ಲ.

"ಇನ್ನೊಂದು ತಂದ್ಕೊಡ್ತೀನಿ ಕಣೇ, ಇದಕ್ಕಿಂತ ಚೆನ್ನಾಗಿರೋದು," ಎಂದಳು ಅಕ್ಕ.

"ನನ್ನನ್ನೂ ಬಿಳಿ ಚಾದರದ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆಸಿಬಿಡು," ಎಂದಳು ಕಡ್ಡಿ. ಕೂಗಾಡಲಿಲ್ಲ. ಆ ವಾರದಲ್ಲೇ ಬಟ್ಟೆಬರೆ ತುಂಬಿಕೊಂಡು ಹೊರಟುಹೋದಳು. ಬೇಸಿಗೆಯಾದ್ದರಿಂದ ಬಾಗಿಲ ಹಿಂದೆ ತೂಗುತ್ತಿದ್ದ ಕೋಟು ನೆನಪಾಗಲಿಲ್ಲವೋ, ಬೇಡವಾಯಿತೋ. ಫೋನ್ ನಂಬರ್ ಬದಲಾಯಿತು. ಕ್ಷೇಮವಾಗಿದ್ದೇನೆ, ಹುಡುಕಬೇಡಿ ಎಂದು ಗೆಳತಿಯೊಬ್ಬಳ ಬಾಯಲ್ಲಿ ಹೇಳಿಸಿದಳು. ಅಷ್ಟೇ.

ಆ ಕೋಟನ್ನು ಟ್ಯಾಬ್‌ಗೆ ಏರಿಸು ಎಂದು ಮುಂದಿನ ಚಳಿಗಾಲದಲ್ಲಿ ಅಕ್ಕ ಹೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಎಂದುಕೊಂಡೆ. ಆಮೇಲೆ ಅವಳು ಬೆಲೆ ಹೇಳಿದಳು. ಆ ಬೆಲೆಗೆ ನಮ್ಮ ಇಡೀ ಸ್ಟಾಲನ್ನು ಗಾಡಿಯ ಸಮೇತ ಕೊಳ್ಳಬಹುದಿತ್ತು.

"ಈ ರೇಟಿಗೆ ಯಾರು ತಗೋತಾರೆ?"

"ಯಾರೂ ತಗೋಬಾರದು," ಎಂದಳು ಅಕ್ಕ. "ಅವಳು ನೋಡ್ಬೇಕು ಅಷ್ಟೇ. ನಮ್ಮ ಪೇಜು ನೋಡೇ ನೋಡ್ತಾಳೆ. ಕೋಪ ಇದ್ದೋರೇ ಜಾಸ್ತಿ ನೋಡೋದು. ಮನೆಗೆ ಕಳಿಸೋ ವ್ಯವಸ್ಥೆ ಬೇಡ. ಬೇಕಾದ್ರೆ ಕೈಯಾರೆ ಬಂದು ತಗೊಂಡು ಹೋಗ್ಬೇಕು ಅಂತ ಹಾಕು."

ಹೀಗೆ ಪ್ರತಿ ವಾರವೂ ಕೋಟು ಟ್ಯಾಬ್ ಏರುತ್ತಿತ್ತು, ಮಾರ್ಕೆಟ್ಟಿನಲ್ಲಿ ನಮ್ಮ ತಲೆಯ ಹಿಂದಿನ ಕೊಕ್ಕೆಗೆ ತೂಗುತ್ತಿತ್ತು, ವಾರ ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಬೆಲೆ ನೋಡಿ ನಗಲೆಂದೇ ಜನ ಪೇಜಿಗೆ ಬರುತ್ತಿದ್ದರು. ಗಾಡಿಗೆ ಸಾಮಾನು ತುಂಬುವಾಗ ಅಕ್ಕ ಬೇರೆಲ್ಲೋ ನೋಡುತ್ತ, "ಕೋಟನ್ನ ಎಷ್ಟು ಜನ ನೋಡಿದ್ರಂತೆ?" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಅವರಲ್ಲಿ ಒಬ್ಬಳು ಅವಳಿರಬಹುದು ಎಂದು ಅಕ್ಕ ಬಾಯಿಬಿಟ್ಟು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಎರಡು ಚಳಿಗಾಲ ಹೀಗೇ ಕಳೆಯಿತು. ಅಕ್ಕ ಇಳಿದುಹೋದಳು. ಗಿರಾಕಿಗಳ ಜೊತೆ ಚೌಕಾಸಿಯಲ್ಲಿ ಮೊದಲಿನ ಹುರುಪು ಉಳಿಯಲಿಲ್ಲ, ಕೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದಳು. ಕಡ್ಡಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆತ್ತವಳನ್ನು ಹೀಗೆ ಒಣಗಿಸುವುದೆಂದರೇನು?

ಆ ಶನಿವಾರ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಮಳೆಗೆ ಜನ ಬರುವುದಿಲ್ಲ ಎಂದುಕೊಂಡಿದ್ದೆವು. ಆದದ್ದು ತಿರುಗುಮುರುಗು. ರಸ್ತೆಯಲ್ಲಿದ್ದವರೆಲ್ಲ ನೆನೆಯಲಾರದೆ ಡಿಪೋದೊಳಗೆ ನುಗ್ಗಿದರು, ನುಗ್ಗಿದ ಮೇಲೆ ಸುಮ್ಮನೆ ನಿಲ್ಲಲಾರದೆ ಕೊಳ್ಳತೊಡಗಿದರು. ನನಗೆ ಉಸಿರಾಡಲು ಪುರುಸೊತ್ತಿಲ್ಲ. ತಟ್ಟೆ, ದೀಪ, ಟ್ರಂಕು, ಒಂದರ ಹಿಂದೊಂದು ಟ್ಯಾಬ್ ಒತ್ತಿದೆ, ಹಣ ಎಣಿಸಿದೆ, ಒದ್ದೆ ಬೆರಳಿಗೆ ತೆರೆ ಮಾತು ಕೇಳದಿದ್ದರೆ ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ. ಮಾರಿದ ಒಂದೊಂದು ಸಾಮಾನಿನ ಪಕ್ಕದಲ್ಲೂ ಬೂದುಬಣ್ಣದ ಸಣ್ಣ ಮೋಡದ ಗುರುತು ಬಂದು ಕೂರುತ್ತಿತ್ತು. ಸಿಗ್ನಲ್ಲಿಗೆ ಕಾಯುತ್ತಿದೆ ಎಂದರ್ಥ.

"ಒಂದು ಸಲ ಗಾಳಿ ಹಾಕಿಸ್ಕೊಂಡು ಬರ್ಲಾ?" ಎಂದು ಮಧ್ಯಾಹ್ನದ ಹೊತ್ತಿಗೆ ಕೇಳಿದೆ.

"ಈ ಜನ ಬಿಟ್ಟು ಎಲ್ಲಿಗೆ ಹೋಗ್ತೀಯ? ಅಪರೂಪಕ್ಕೆ ವ್ಯಾಪಾರ ಆಗ್ತಿದೆ. ಆಮೇಲೆ ಹೋದ್ರಾಯ್ತು," ಎಂದಳು ಅಕ್ಕ.

ಆಗ ಬಂದರು ಅವರಿಬ್ಬರು, ತಾಯಿ ಮತ್ತು ಮಗಳು. ಹುಡುಗಿ ಕಾಲೇಜಿಗೆ ಹೋಗುವ ವಯಸ್ಸಿನವಳು, ತೆಳ್ಳಗೆ, ಜಿಪ್ಪು ಕಿತ್ತುಹೋದ ಜಾಕೆಟನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡಿದ್ದಳು. ಕೋಟಿನ ಕಡೆ ನೋಡಿದಳು. ನಾನು ಬೇಡ ಅನ್ನುವಷ್ಟರಲ್ಲಿ ತಾಯಿ ಕೊಕ್ಕೆಯಿಂದ ಇಳಿಸಿ ಅವಳಿಗೆ ತೊಡಿಸಿಯೇಬಿಟ್ಟಳು. ಹುಡುಗಿ ಕೈ ಚಾಚಿದಳು. ತಾಯಿ ತೋಳನ್ನು ಮಣಿಕಟ್ಟಿನ ತನಕ ಎಳೆದು ಸರಿಮಾಡಿ, ಕಾಲರಿನೊಳಗೆ ಸಿಕ್ಕಿಕೊಂಡ ಕೂದಲನ್ನು ಹೊರಗೆ ತೆಗೆದಳು. ಹೊಲಿಸಿದ ಹಾಗೆ ಕೂತಿತ್ತು. ಆಮೇಲೆ ತಾಯಿ ಬೆಲೆಚೀಟಿ ನೋಡಿದಳು.

"ಇದೇನು, ಬಂಗಾರದ ದಾರದಲ್ಲಿ ಹೊಲಿದಿದ್ದಾರಾ?" ಎಂದು ನಕ್ಕಳು. "ಬಿಚ್ಚಮ್ಮ, ನಮಗಲ್ಲ ಇದು."

ಹುಡುಗಿ ಗುಂಡಿ ಬಿಚ್ಚತೊಡಗಿದಳು. ಅಕ್ಕ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಹಿಡಿಸಲಿಲ್ಲ.

"ಬಿಚ್ಚಬೇಡಮ್ಮ, ಹಾಗೇ ಇರ್ಲಿ," ಎಂದಳು ಅಕ್ಕ. "ಆ ಚೀಟಿ ತಪ್ಪಾಗಿದೆ. ನಿಮ್ಮ ಕೈಲಾದಷ್ಟು ಕೊಡಿ."

ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಅವಳು ಕಾಲು ಹಿಂದೆ ಎಳೆದುಕೊಂಡಳು.

"ಅಕ್ಕ, ಅದು ಬೇಡ."

"ಸಾಕು ಬಿಡೇ. ಎಷ್ಟು ದಿನ ಅಂತ ತೂಗುಹಾಕ್ಕೊಂಡು ಕೂರೋದು? ಬರೋಳಾಗಿದ್ರೆ ಬರ್ತಿದ್ಲು." ಇದನ್ನು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಯಾರೋ ಒಂದು ಮಗುಗೆ ಬೆಚ್ಚಗಾಗಲಿ."

"ನಿಮ್ಮ ಮಗಳದ್ದಾ?" ಎಂದು ಕೇಳಿದಳು ಆ ತಾಯಿ, ಪರ್ಸು ತೆಗೆಯುತ್ತ.

"ಅಲ್ಲ," ಎಂದಳು ಅಕ್ಕ. "ಒಂದು ಮನೆ ಖಾಲಿಯಾದಾಗ ಬಂದಿದ್ದು."

ನಾನು ಟ್ಯಾಬ್ ಒತ್ತಿದೆ. ಕೋಟಿನ ಪಕ್ಕದಲ್ಲೂ ಒಂದು ಮೋಡ ಬಂದು ಕೂತಿತು. ಹುಡುಗಿ ಹಳೇ ಜಾಕೆಟನ್ನು ಚೀಲಕ್ಕೆ ತುರುಕಿ ಕೋಟು ತೊಟ್ಟುಕೊಂಡೇ ಜನರ ನಡುವೆ ಹೊರಟಳು, ಸ್ವಲ್ಪ ಹೊತ್ತು ಹಸಿರು ಕಂಡಿತು, ಆಮೇಲೆ ಕಾಣಲಿಲ್ಲ. ಅಕ್ಕ ಖಾಲಿ ಕೊಕ್ಕೆಗೆ ಒಂದು ಛತ್ರಿ ನೇತುಹಾಕಿದಳು. ಅವಳು ಅಳಬಹುದು ಎಂದು ನಾನು ಕಾದೆ. ಅಳಲಿಲ್ಲ. ಎಷ್ಟೋ ಕಾಲದ ಮೇಲೆ ಗಡಿಯಾರದ ಯಜಮಾನರ ಜೊತೆ ಜಗಳಕ್ಕೆ ನಿಂತು, ಅವರ ಗಡಿಯಾರಗಳಲ್ಲಿ ಒಂದಾದರೂ ಸರಿಯಾದ ಹೊತ್ತು ತೋರಿಸಿದರೆ ಅವರಿಗೇ ಒಂದು ಕುರ್ಚಿ ಬಿಟ್ಟಿ ಕೊಡುತ್ತೇನೆ ಎಂದು ಹಂಗಿಸಿದಳು. ಡಬ್ಬಿ ಬಿಚ್ಚಿ ಹೊಟ್ಟೆ ತುಂಬಾ ಉಂಡಳು. ನನಗೆ ನಿಜವಾಗಿ ಸಂತೋಷವಾಯಿತು. ಹೋಗಲಿ, ಇನ್ನಾದರೂ ಇವಳು ಮನುಷ್ಯಳಾದಾಳು ಎಂದುಕೊಂಡೆ.

ಮೂರು ಗಂಟೆ ದಾಟಿದ ಮೇಲೆ ಜನ ತೆಳುವಾದರು. ನಾನು ಟ್ಯಾಬನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಗೇಟಿಗೆ ಹೋದೆ. ಗೇಟಿನ ಕಂಬದ ಪಕ್ಕ ನಿಂತದ್ದೇ ತಡ, ಅದು ಟಿಂಗ್ ಟಿಂಗ್ ಎನ್ನತೊಡಗಿತು. ಕೊನೆಯದರಿಂದ ಓದುತ್ತ ಬಂದೆ. ಎಲ್ಲಕ್ಕಿಂತ ಕೆಳಗಿದ್ದದ್ದು ಬೆಳಿಗ್ಗೆಯದು. ನಾವು ಒಳಗೆ ಸ್ಟಾಲ್ ಜೋಡಿಸುತ್ತಿದ್ದ ಹೊತ್ತಿನದು.

ಹಸಿರು ಕೋಟು. ಪೂರ್ತಿ ಬೆಲೆ. ಹಣ ಪಾವತಿಯಾಗಿದೆ. ಕೊಂಡವರ ಹೆಸರು, ಕಡ್ಡಿ. ಬಂದು ಒಯ್ಯುವ ಹೊತ್ತು, ಇವತ್ತು ನಾಲ್ಕು ಗಂಟೆ. ಕೆಳಗೆ ಅಂಗಡಿಯವರಿಗೊಂದು ಮಾತು ಎನ್ನುವ ಜಾಗದಲ್ಲಿ, 'ಅಮ್ಮ ಸ್ಟಾಲಿನಲ್ಲೇ ಇರ್ತಾಳಲ್ವಾ?'

ಅಷ್ಟು ಹಣವನ್ನು ಕಡ್ಡಿ ಎಲ್ಲಿಂದ ತಂದಳೋ, ಏನನ್ನು ಬಿಟ್ಟು ಕೂಡಿಸಿದಳೋ. ನಾನು ನೋಡುತ್ತಿದ್ದಂತೆಯೇ ಆ ಸಾಲು ಕೆಂಪಾಯಿತು. ಒಳಗಿನ ಮೋಡಗಳೆಲ್ಲ ಒಂದೊಂದಾಗಿ ಕರಗುತ್ತಿದ್ದವು, ಕೋಟಿನದೂ ಕರಗಿತು. ನಾನು ನಿಲ್ಲಿಸಲು ತೆರೆಯನ್ನು ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಒದ್ದೆ ಬೆರಳಿಗೆ ಅದು ಜಗ್ಗಲಿಲ್ಲ. ಟ್ಯಾಬ್ ನಾವು ಕಲಿಸಿದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿತು: 'ಕ್ಷಮಿಸಿ. ಈ ವಸ್ತುವನ್ನು ನಮ್ಮ ಸ್ಟಾಲಿನಲ್ಲಿ ಬೇರೆಯವರಿಗೆ ಮಾರಲಾಗಿದೆ. ನಿಮ್ಮ ಹಣ ಹಿಂದಿರುಗಿಸಲಾಗಿದೆ.'

ಒಳಗೆ ಓಡಿ ಅಕ್ಕನಿಗೆ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಮೆತ್ತಗೆ ಕೆಳಗಿಟ್ಟಳು.

"ನಾಲ್ಕು ಗಂಟೆಗೆ ಅಂದ್ಲಾ?" ಎಂದು ಕೇಳಿದಳು. "ಇನ್ನೂ ಟೈಮಿದೆ. ಬಾ."

ಸ್ಟಾಲನ್ನು ಗಡಿಯಾರದ ಯಜಮಾನರಿಗೆ ಒಪ್ಪಿಸಿ ಇಬ್ಬರೂ ಗೇಟಿಗೆ ಬಂದೆವು. ಅಕ್ಕ ಛತ್ರಿ ತರಲಿಲ್ಲ. ಬಂದ ಬಸ್ಸಿನಿಂದ ಇಳಿದವರ ಮುಖವನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ನಾನು ಕಂಬದ ಮರೆಯಲ್ಲಿ ನಿಂತು ಟ್ಯಾಬ್‌ನಲ್ಲಿ ಬರೆದೆ, 'ಕಡ್ಡಿ, ಕೋಟು ಹೋದ್ರೆ ಹೋಗ್ಲಿ. ನೀನು ಬಾ. ಅಮ್ಮ ಗೇಟಿನಲ್ಲೇ ನಿಂತಿದ್ದಾಳೆ.'

ತಕ್ಷಣ ಉತ್ತರ ಬಂತು. 'ಮಾರಿದ್ದು ಯಾರು?'

ನಾನು ಅಕ್ಕನ ಕಡೆ ನೋಡಿದೆ. ಅವಳ ಬೆನ್ನು ಕಾಣುತ್ತಿತ್ತು, ಕೂದಲಿನಿಂದ ನೀರು ಇಳಿದು ಕುಪ್ಪಸ ಒದ್ದೆಯಾಗಿತ್ತು. ಬರೆದೆ, 'ನಾನು. ಅಮ್ಮನಿಗೆ ಗೊತ್ತೇ ಇರಲಿಲ್ಲ.'

ಟ್ಯಾಬ್ ಮತ್ತೆ ಟಿಂಗ್ ಎಂದಿತು.

'ಮೇಜು ಹೋದಾಗಲೂ ನೀನು ಹೀಗೇ ಹೇಳಿದ್ದೆ, ಚಿಕ್ಕಮ್ಮ.'

ಹೌದು, ಮೇಜು ಮಾರಿದ್ದೂ ನಾನೇ ಎಂದು ಹೇಳಿದ್ದೆ. ಅವಳು ಆಗಲೂ ನಂಬಿರಲಿಲ್ಲ. ಅದರ ಕೆಳಗೇ ಇನ್ನೊಂದು ಸಾಲು ಬಂತು. 'ಬಸ್ಸಿನಲ್ಲಿದ್ದೀನಿ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಹೋಗ್ತೀನಿ.'

"ಏನಂತೆ?" ಎಂದಳು ಅಕ್ಕ, ತಿರುಗಿ ಬಂದು.

ಬಚ್ಚಿಡಲು ಆಗಲಿಲ್ಲ. ಕನ್ನಡಕ ಸ್ಟಾಲಿನಲ್ಲೇ ಬಿಟ್ಟು ಬಂದಿದ್ದಳು, ಎಲ್ಲವನ್ನೂ ಓದಿ ಹೇಳಿದೆ, ನಾನು ಬರೆದ ಸುಳ್ಳನ್ನೂ ಸೇರಿಸಿ. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

"ನಾನೇ ಮಾರಿದೆ ಅಂತ ಬರಿ," ಎಂದಳು. "ನೀನು ಬರಲ್ಲ ಅಂತ ಅಂದ್ಕೊಂಡೆ, ಕೈಚೆಲ್ಲಿದೆ, ಅದಕ್ಕೇ ಮಾರಿದೆ ಅಂತ ಬರಿ. ಇವತ್ತೇ, ಇವತ್ತು ಮಧ್ಯಾಹ್ನವೇ ಅಂತ ಬರಿ. ಅಲ್ಲೀತನಕ ಯಾರು ಕೇಳಿದ್ರೂ ಕೊಟ್ಟಿಲ್ಲ ಅನ್ನೋದನ್ನೂ ಹಾಕು. ತಪ್ಪಾಯ್ತು ಅಂತ ಕೊನೇಲಿ ಬರಿ."

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಕಳಿಸಿದೆ. ಪಕ್ಕದಲ್ಲಿ ಕೆಂಪು ಗುರುತು ಬಂತು. ಮತ್ತೆ ಕಳಿಸಿದೆ. 'ಈ ಗ್ರಾಹಕರು ನಿಮ್ಮಿಂದ ಸಂದೇಶಗಳನ್ನು ಸ್ವೀಕರಿಸುತ್ತಿಲ್ಲ' ಎಂದು ಸಣ್ಣ ಅಕ್ಷರದಲ್ಲಿ ತೋರಿಸಿತು.

"ಹೋಯ್ತಾ?"

"ಇಲ್ಲಕ್ಕ. ಹೋಗ್ತಿಲ್ಲ."

"ಇಲ್ಲೂ ಸಿಗ್ನಲ್ ಇಲ್ವೇನೋ," ಎಂದಳು ಅಕ್ಕ. ನನ್ನ ಕೈಯಿಂದ ಟ್ಯಾಬ್ ತೆಗೆದುಕೊಂಡಳು. "ಆ ಕಡೆ ರಸ್ತೇಲಿ ಸಿಗುತ್ತೆ. ಆ ದೀಪದ ಕಂಬದ ಹತ್ರ ಹೋಗಿ ನೋಡೋಣ."

ಸಿಗ್ನಲ್ ಪೂರ್ತಿ ಇತ್ತು. ನಾನು ಹೇಳಲಿಲ್ಲ. ಅವಳು ಟ್ಯಾಬನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಮಳೆಯಲ್ಲಿ ದೀಪದ ಕಂಬದ ತನಕ ಹೋದಳು. ಅಲ್ಲಿ ನಿಂತು, ಹೋಯಿತೇ ಎನ್ನುವಂತೆ ನನ್ನ ಕಡೆ ನೋಡಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಮುಂದಿನ ಕಂಬದ ಕಡೆಗೆ ನಡೆದಳು, ನಾನು ಹಿಂದೆ ಹೋದೆ.